ಅಮ್ಮನ ಕುತ್ತಿಗೆಯ ಗಂಟು, ಅಮ್ಮನ ಭಾಗವತಿಕೆ: ಥೈರಾಯ್ಡ್ ಆಪರೇಷನ್ ಬಗ್ಗೆ ಗೊತ್ತಿದ್ದವರು ಹೇಳಿ

ಕಾಪು ಕಡಲು · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನ್ನ ಅಮ್ಮನಿಗೆ 52 ವರ್ಷ. ಉಡುಪಿ ಹತ್ತಿರದ ಶಾಲೆಯಲ್ಲಿ ಟೀಚರ್. ಹನ್ನೆರಡು ವರ್ಷದಿಂದ ಹೆಂಗಸರ ಯಕ್ಷಗಾನ ತಂಡದಲ್ಲಿ ಭಾಗವತಿಕೆ ಮಾಡುತ್ತಾರೆ. ಆರು ತಿಂಗಳ ಹಿಂದೆ ನಾನೇ ಗಮನಿಸಿದ್ದು: ಅವರ ಕರಿಮಣಿ ಸರ ಯಾವಾಗಲೂ ಎಡಕ್ಕೆ ಸರಿದಿರುತ್ತಿತ್ತು. ಸರಿ ಮಾಡಿದರೂ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಕನ್ನಡಿ ಮುಂದೆ ನಿಲ್ಲಿಸಿ ನೋಡಿದರೆ ಕುತ್ತಿಗೆಯ ಬಲಬದಿಯಲ್ಲಿ ಒಂದು ಉಬ್ಬು. ನೋವಿಲ್ಲ, ಏನಿಲ್ಲ.

ಸ್ಕ್ಯಾನ್‌ನಲ್ಲಿ 3.8 ಸೆಂಟಿಮೀಟರ್ ಅಂತ ಬಂತು. ಥೈರಾಯ್ಡ್ ಕೆಲಸ ನೋಡುವ ರಕ್ತಪರೀಕ್ಷೆ ಟಿಎಸ್‌ಎಚ್ ನಾರ್ಮಲ್. ಸೂಜಿ ಪರೀಕ್ಷೆಯ ರಿಪೋರ್ಟ್‌ನಲ್ಲಿ 'ಫೋಲಿಕ್ಯುಲರ್ ನಿಯೋಪ್ಲಾಸಂ' ಅಂತ ಬರೆದಿದ್ದಾರೆ. ಕ್ಯಾನ್ಸರಾ ಅಂತ ಕೇಳಿದೆವು. "ಹೌದು ಅಂತಲೂ ಹೇಳಲಿಕ್ಕೆ ಆಗುವುದಿಲ್ಲ, ಅಲ್ಲ ಅಂತಲೂ ಆಗುವುದಿಲ್ಲ. ಬಲಭಾಗ ತೆಗೆದ ಮೇಲೆ ಗೊತ್ತಾಗುತ್ತದೆ" ಅಂದರು ಡಾಕ್ಟರು. ಮುಂದಿನ ತಿಂಗಳು ಡೇಟ್ ಕೊಟ್ಟಿದ್ದಾರೆ.

ಅಮ್ಮನಿಗೆ ಕ್ಯಾನ್ಸರ್‌ನ ಹೆದರಿಕೆಗಿಂತ ದನಿಯ ಹೆದರಿಕೆ ಜಾಸ್ತಿ. ನಮ್ಮ ಊರಿನಲ್ಲಿ ಒಬ್ಬರಿಗೆ ಇಪ್ಪತ್ತು ವರ್ಷದ ಹಿಂದೆ ಇದೇ ಆಪರೇಷನ್ ಆಗಿತ್ತು. ಅವರು ಇವತ್ತಿಗೂ ಪಿಸುದನಿಯಲ್ಲೇ ಮಾತಾಡುವುದು. ನಿನ್ನೆ ರಾತ್ರಿ ಅಮ್ಮ, "ಗಂಟು ಇದ್ದರೆ ಇರಲಿ, ಪದ ಹೇಳದೆ ನಾನು ಏನು ಮಾಡಲಿ" ಅಂತ ಹೇಳಿ ಅಡುಗೆಮನೆಗೆ ಹೋದರು. ನನಗೆ ಏನು ಹೇಳಬೇಕು ಅಂತ ತಿಳಿಯಲಿಲ್ಲ.

ಗಂಟು ಇರುವುದು ಗ್ರಂಥಿಯಲ್ಲಿ. ದನಿ ಹೋಗುವುದು ಯಾಕೆ? ಸೂಜಿ ಹಾಕಿದರೂ ಯಾಕೆ ಗೊತ್ತಾಗುವುದಿಲ್ಲ? ಡಾಕ್ಟರ ಹತ್ತಿರ ನಾವು ಏನು ಕೇಳಬೇಕು?

ಕಲ್ಯಾಣಪುರ ಹೊಳೆಬದಿ · ಸೋಮವಾರ, ರಾತ್ರಿ 10:15

ಅವಸರ ಮಾಡಬೇಡಿ. ನಮ್ಮ ದೊಡ್ಡಮ್ಮನಿಗೂ ಕುತ್ತಿಗೆಯಲ್ಲಿ ಗಂಟು ಇತ್ತು. ನಾಟಿ ಮದ್ದಿನ ಲೇಪ ಹಾಕಿ ದಿನಾ ಎಣ್ಣೆ ತಿಕ್ಕಿದ್ದರು. ಮೂರು ತಿಂಗಳಲ್ಲಿ ಇಳಿಯಿತು. ಕತ್ತಿ ಹಾಕಿಸುವ ಮೊದಲು ಒಮ್ಮೆ ನೋಡಬಹುದು ಅಲ್ವಾ?

ಬಜ್ಪೆ ಸಿಸ್ಟರ್ · ಸೋಮವಾರ, ರಾತ್ರಿ 10:50

ನಾನು ಮಂಗಳೂರಿನಲ್ಲಿ ಆಪರೇಷನ್ ಥಿಯೇಟರ್ ನರ್ಸ್. ಹೊಳೆಬದಿಯವರೇ, ನಿಮ್ಮ ದೊಡ್ಡಮ್ಮನದು ಬಹುಶಃ ಬೇರೆ ಜಾತಿಯ ಗಂಟು. ಥೈರಾಯ್ಡ್‌ನಲ್ಲಿ ನೀರು ತುಂಬಿದ ಗಂಟು ಕೆಲವೊಮ್ಮೆ ತನ್ನಷ್ಟಕ್ಕೇ ಇಳಿಯುತ್ತದೆ. ಗಂಟಲು ನೋವು ಬಂದಾಗ ಊದುವ ಕಳಲೆ ಗಂಟೂ (ಲಿಂಫ್ ಗ್ರಂಥಿ) ಇಳಿಯುತ್ತದೆ. ಇವರದು ಗಟ್ಟಿ ಗಂಟು, ಹೆಚ್ಚುಕಡಿಮೆ ನಾಲ್ಕು ಸೆಂಟಿಮೀಟರ್, ಸೂಜಿ ರಿಪೋರ್ಟ್ ಸಂಶಯದ್ದು. ಇದನ್ನು ಉಜ್ಜಿ ಇಳಿಸಲಿಕ್ಕೆ ಆಗುವುದಿಲ್ಲ. ದಯವಿಟ್ಟು ಕುತ್ತಿಗೆ ತಿಕ್ಕಬೇಡಿ, ಅದರಲ್ಲೂ ಎರಡೂ ಬದಿ ಒಟ್ಟಿಗೆ. ಕಂಠಮಣಿಯ ಮೇಲಂಚಿನ ಮಟ್ಟದಲ್ಲಿ ಕ್ಯಾರೊಟಿಡ್ ರಕ್ತನಾಳ ಕವಲೊಡೆಯುತ್ತದೆ. ಅಲ್ಲಿ ರಕ್ತದೊತ್ತಡ ಅಳೆಯುವ ನರಗಳಿವೆ. ಜೋರಾಗಿ ಒತ್ತಿದರೆ ಎದೆಬಡಿತ ಇಳಿದು ತಲೆ ತಿರುಗಿ ಬೀಳುವವರಿದ್ದಾರೆ.

ದನಿಯ ವಿಷಯ ಡಿಸೆಕ್ಷನ್ ಹಾಲ್ ಸರ್ ಬಂದು ಹೇಳಲಿ.

ಹಳೇ ಡಿಸೆಕ್ಷನ್ ಹಾಲ್ · ಮಂಗಳವಾರ, ಬೆಳಿಗ್ಗೆ 6:20

ಮೂವತ್ತೊಂದು ವರ್ಷ ಅನಾಟಮಿ ಪಾಠ ಮಾಡಿ ಈಗ ಮನೆಯಲ್ಲಿದ್ದೇನೆ. ನಾನು ಸರ್ಜನ್ ಅಲ್ಲ. ಆದರೆ ಈ ಕುತ್ತಿಗೆಯ ಒಳಗೆ ಏನೇನು ಎಲ್ಲೆಲ್ಲಿ ಉಂಟು ಅಂತ ನೂರಾರು ಸಲ ಬಿಡಿಸಿ ನೋಡಿದ್ದೇನೆ. ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಮೊದಲು ಒಂದು ಲೋಟ ನೀರು ತನ್ನಿ. ಅಮ್ಮ ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂರಲಿ. ಗದ್ದ ಸ್ವಲ್ಪ ಎತ್ತಿ, ಒಂದು ಗುಟುಕು ಬಾಯಲ್ಲಿ ಹಿಡಿದು, ನೀವು ಹೇಳಿದಾಗ ನುಂಗಲಿ. ಗಂಟು ಮೇಲೆ ಹೋಗಿ ಮತ್ತೆ ಇಳಿಯುತ್ತದೆ. ಡಾಕ್ಟರು ಮೊದಲ ದಿನವೇ ಇದನ್ನು ನೋಡಿರುತ್ತಾರೆ. ಥೈರಾಯ್ಡ್ ಗ್ರಂಥಿ ಒಂದು ತೆಳು ಪೊರೆಯ ಚೀಲದಲ್ಲಿ ಕೂತಿದೆ. ಬೆರ್ರಿ ಲಿಗಮೆಂಟ್ ಅನ್ನುವ ಗಟ್ಟಿ ಪಟ್ಟಿ ಅದನ್ನು ಧ್ವನಿಪೆಟ್ಟಿಗೆಯ ಬುಡಕ್ಕೂ ಶ್ವಾಸನಾಳಕ್ಕೂ ಬಿಗಿದಿದೆ. ನುಂಗುವಾಗ ಧ್ವನಿಪೆಟ್ಟಿಗೆ ಮೇಲೆ ಏಳುತ್ತದೆ, ಗ್ರಂಥಿಯನ್ನೂ ಎಳೆದುಕೊಂಡೇ ಏಳುತ್ತದೆ.

ಈ ಬೆರ್ರಿ ಲಿಗಮೆಂಟ್ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಈಗ ಬೆರಳಿನಿಂದ ದಾರಿ ಹಿಡಿಯಿರಿ. ಗದ್ದದ ಕೆಳಗೆ ಮೊದಲು ಸಿಗುವುದು ಹಯಾಯ್ಡ್ ಮೂಳೆ, ಕುದುರೆ ಲಾಳದ ಆಕಾರ. ಬೇರೆ ಯಾವ ಮೂಳೆಯ ಜೊತೆಗೂ ಕೀಲು ಇಲ್ಲದೆ ಸ್ನಾಯುಗಳಲ್ಲೇ ತೂಗುವ ಮೂಳೆ ಅದು. ಅದರ ಕೆಳಗೆ ಕಂಠಮಣಿ. ಗಂಡಸರಲ್ಲಿ ಅದರ ಎರಡು ಹಲಗೆಗಳು ಸುಮಾರು 90 ಡಿಗ್ರಿಯಲ್ಲಿ ಸೇರುತ್ತವೆ, ಹೆಂಗಸರಲ್ಲಿ ಸುಮಾರು 120. ಹಾಗಾಗಿ ಅಮ್ಮನದು ಎದ್ದು ಕಾಣುವುದಿಲ್ಲ, ತಡವಿದರೆ ಸಿಗುತ್ತದೆ. ಇನ್ನೂ ಕೆಳಗೆ ಒಂದು ಸಣ್ಣ ತಗ್ಗು, ಆಮೇಲೆ ಉಂಗುರದ ಹಾಗೆ ಕ್ರೈಕಾಯ್ಡ್, ಆಮೇಲೆ ಶ್ವಾಸನಾಳದ ಬಳೆಗಳು. ಥೈರಾಯ್ಡ್‌ನ ನಡುವಿನ ಸೇತುವೆ 2ರಿಂದ 4ನೇ ಬಳೆಯ ಮೇಲೆ ಕೂತಿದೆ. ಎರಡು ರೆಕ್ಕೆಗಳು ಧ್ವನಿಪೆಟ್ಟಿಗೆಯ ಪಕ್ಕಕ್ಕೆ ಹತ್ತಿವೆ. ಇಡೀ ಗ್ರಂಥಿ ಸುಮಾರು 20 ಗ್ರಾಂ ಅಷ್ಟೇ.

ದನಿಯ ನರ ಎಲ್ಲಿಂದ ಬರುತ್ತದೆ? ಇದು ನನಗೆ ಪ್ರತಿ ವರ್ಷ ಪಾಠ ಮಾಡುವಾಗಲೂ ಹೊಸದಾಗಿ ಕಾಣುತ್ತಿದ್ದ ವಿಷಯ. ಮೆದುಳಿನಿಂದ ವೇಗಸ್ ಅನ್ನುವ ನರ ಕುತ್ತಿಗೆಯಲ್ಲಿ ಕೆಳಗಿಳಿಯುತ್ತದೆ. ಅದರ ಒಂದು ಕವಲು ಧ್ವನಿಪೆಟ್ಟಿಗೆಗೆ ಹೋಗಬೇಕು. ಪಕ್ಕದಲ್ಲೇ ಉಂಟು, ನೇರ ಹೋಗಬಹುದಿತ್ತು. ಹೋಗುವುದಿಲ್ಲ. ಬಲಬದಿಯದು ಭುಜದ ಕಡೆ ಹೋಗುವ ದೊಡ್ಡ ಧಮನಿಯವರೆಗೆ ಇಳಿದು, ಅದನ್ನು ಸುತ್ತಿ, ಮತ್ತೆ ಮೇಲೆ ಹತ್ತುತ್ತದೆ. ಎಡಬದಿಯದು ಎದೆಗೂಡಿಗೇ ಇಳಿದು, ಮಹಾಧಮನಿಯ ಕಮಾನನ್ನು ಬಳಸಿ ವಾಪಸ್ ಬರುತ್ತದೆ. ಗರ್ಭದಲ್ಲಿ ಹೃದಯ ಮೊದಲು ಕುತ್ತಿಗೆಯ ಹತ್ತಿರವೇ ಇರುತ್ತದೆ. ಅದು ಎದೆಗೆ ಇಳಿಯುವಾಗ ಅದರ ಧಮನಿಗಳು ಈ ನರವನ್ನು ಕೊಕ್ಕೆ ಹಾಕಿದ ಹಾಗೆ ಎಳೆದುಕೊಂಡು ಹೋದವು. ಅದಕ್ಕೇ ಇದರ ಹೆಸರು ರಿಕರೆಂಟ್, ತಿರುಗಿ ಬರುವ ನರ. ಜಿರಾಫೆಯಲ್ಲೂ ಇದೇ ದಾರಿ, ಎಷ್ಟೋ ಮೀಟರ್ ಕೆಳಗೆ ಹೋಗಿ ಮೇಲೆ ಬರುತ್ತದೆ. ಗ್ರೀಕ್ ವೈದ್ಯ ಗ್ಯಾಲೆನ್ ಎರಡನೇ ಶತಮಾನದಲ್ಲೇ ಕಿರುಚುವ ಹಂದಿಯಲ್ಲಿ ಈ ನರ ಕತ್ತರಿಸಿ, ದನಿ ಥಟ್ಟನೆ ನಿಲ್ಲುವುದನ್ನು ತೋರಿಸಿದ್ದ.

ಮೇಲೆ ಹತ್ತುವಾಗ ಈ ನರ ಥೈರಾಯ್ಡ್‌ನ ಬೆನ್ನಿಗೆ ತಾಗಿಕೊಂಡೇ ಹೋಗುತ್ತದೆ. ಧ್ವನಿಪೆಟ್ಟಿಗೆಗೆ ಒಳಹೊಗುವ ಕೊನೆಯ ಎರಡು ಸೆಂಟಿಮೀಟರ್ ತುಂಬಾ ಜಾಗ್ರತೆಯ ಜಾಗ. ಯಾಕೆಂದರೆ ಅಲ್ಲೇ ಬೆರ್ರಿ ಲಿಗಮೆಂಟ್ ಉಂಟು, ಅದನ್ನು ಬಿಡಿಸದೆ ಗ್ರಂಥಿ ಹೊರಗೆ ಬರುವುದಿಲ್ಲ. ನರ ನೋಡಲಿಕ್ಕೆ ಸಪೂರ ಬಿಳಿ ನೂಲು. ಅದರ ಮೈಮೇಲೆ ಕೂದಲಿನಷ್ಟು ತೆಳ್ಳಗಿನ ಕೆಂಪು ರಕ್ತನಾಳ ಒಂದು ಹರಿದಿರುತ್ತದೆ. ಆ ಕೆಂಪು ಗೀರು ನೋಡಿ ಇದು ನರ ಅಂತ ಗುರುತು ಹಿಡಿಯುತ್ತಾರೆ.

ನಿಮ್ಮ ಊರಿನವರಿಗೆ ಬಹುಶಃ ಒಂದು ಬದಿಯ ಈ ನರಕ್ಕೇ ಪೆಟ್ಟಾಗಿರಬೇಕು. ಆ ಬದಿಯ ಸ್ವರತಂತು ಅಲುಗಾಡುವುದಿಲ್ಲ. ಎರಡು ತಂತುಗಳು ಮುಚ್ಚಿಕೊಳ್ಳುವುದಿಲ್ಲ. ಗಾಳಿ ಸೋರುತ್ತದೆ, ಮಾತು ಪಿಸುಗುಟ್ಟಿದ ಹಾಗೆ ಕೇಳುತ್ತದೆ, ನೀರು ಕುಡಿದರೆ ಕೆಮ್ಮು ಬರುತ್ತದೆ. ಈಗ ನರವನ್ನು ಹುಡುಕಿ, ಕಣ್ಣಾರೆ ಕಂಡು, ಅದನ್ನು ಉಳಿಸಿಕೊಂಡೇ ಮುಂದೆ ಹೋಗುವುದು ಪದ್ಧತಿ. ನುರಿತ ಕೈಯಲ್ಲಿ ಕಾಯಂ ಪೆಟ್ಟು ಸಾಮಾನ್ಯವಾಗಿ ನೂರಕ್ಕೆ ಒಂದೆರಡು.

ಮಧ್ಯಾಹ್ನ ಮುಂದುವರಿಸುತ್ತೇನೆ. ಪದ ಹೇಳುವವರಿಗೆ ಇನ್ನೊಂದು ನರ ಉಂಟು, ಅದನ್ನು ಬಿಡುವ ಹಾಗಿಲ್ಲ.

ಚೆಂಡೆ ಪೆಟ್ಟು · ಮಂಗಳವಾರ, ಬೆಳಿಗ್ಗೆ 8:05

ಸರ್, ಆ ಇನ್ನೊಂದು ನರ ನನ್ನ ಕಥೆ.

ನಾನೂ ಭಾಗವತಿಕೆ ಮಾಡುವವ, ತೆಂಕುತಿಟ್ಟು. ನಾಲ್ಕು ವರ್ಷದ ಹಿಂದೆ ಎಡಬದಿ ಥೈರಾಯ್ಡ್ ತೆಗೆಸಿದೆ. ಎಲ್ಲಿ, ಯಾರು ಅಂತ ಹೇಳುವುದಿಲ್ಲ, ಅದು ಬೇಡ. ಎಚ್ಚರ ಆದಾಗ ದನಿ ಬಂತು. ಎಲ್ಲರೂ ಖುಷಿಪಟ್ಟರು. ನಾನೂ. ಎರಡು ತಿಂಗಳ ಮೇಲೆ ಶ್ರುತಿ ಹಿಡಿದು ಕೂತಾಗ ಗೊತ್ತಾಯಿತು. ಕೆಳಗಿನದು ಎಲ್ಲ ಸರಿ. ಏರು ಪದಕ್ಕೆ ಹೋದರೆ ದನಿ ಮುರಿಯುತ್ತದೆ. ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ಮೂರರ ಶ್ರುತಿಯಲ್ಲಿ ಹೇಳುತ್ತಿದ್ದವ ಇನ್ನೂ ಕೆಳಗಿನ ಬಿಳಿ ಒಂದಕ್ಕೆ ಇಳಿದೆ. ಅರ್ಧ ಗಂಟೆ ಹೇಳಿದರೆ ಗಂಟಲು ದಣಿಯುತ್ತದೆ. ಡಾಕ್ಟರಿಗೆ ತೋರಿಸಿದೆ. "ತಂತು ಎರಡೂ ಚೆನ್ನಾಗಿ ಅಲ್ಲಾಡುತ್ತಿವೆ, ಏನೂ ತೊಂದರೆ ಇಲ್ಲ" ಅಂದರು. ತೊಂದರೆ ಇಲ್ಲದಿದ್ದರೆ ನನ್ನ ಮೇಲಿನ ಷಡ್ಜ ಎಲ್ಲಿ ಹೋಯಿತು?

ಆಪರೇಷನ್ ಮೊದಲು ನಾನು ಹಾಡುವವ ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅದು ಇವತ್ತಿಗೂ ಕೊರೆಯುತ್ತದೆ. ಕಾಪು ಕಡಲು, ಮೊದಲ ಮಾತೇ "ಇವರು ಭಾಗವತರು" ಅಂತ ಹೇಳಿ.

ಹಳೇ ಡಿಸೆಕ್ಷನ್ ಹಾಲ್ · ಮಂಗಳವಾರ, ಮಧ್ಯಾಹ್ನ 2:30

ಚೆಂಡೆ ಪೆಟ್ಟು, ನಿಮ್ಮ ಮಾತು ಓದಿ ಸಂಕಟವಾಯಿತು. ನೀವು ಹೇಳಿದ್ದು ಪಾಠದ ಪುಸ್ತಕದ ಹಾಗೇ ಉಂಟು.

ವೇಗಸ್‌ನಿಂದ ಇನ್ನೊಂದು ಕವಲು ಮೇಲಿನಿಂದಲೇ ಬರುತ್ತದೆ, ಸುಪೀರಿಯರ್ ಲರಿಂಜಿಯಲ್ ನರ. ಅದರ ಹೊರಕವಲು ಥೈರಾಯ್ಡ್‌ನ ಮೇಲ್ತುದಿಗೆ ರಕ್ತ ತರುವ ಧಮನಿಯ ಜೊತೆಜೊತೆಗೇ ಇಳಿಯುತ್ತದೆ. ಧ್ವನಿಪೆಟ್ಟಿಗೆಯಲ್ಲಿ ಇದು ಒಂದೇ ಒಂದು ಸ್ನಾಯುವನ್ನು ನಡೆಸುತ್ತದೆ, ಕ್ರೈಕೊಥೈರಾಯ್ಡ್. ಧ್ವನಿಪೆಟ್ಟಿಗೆಯ ಉಳಿದ ಸ್ನಾಯುಗಳೆಲ್ಲ ತಿರುಗಿ ಬರುವ ನರದ ಕೈಯಲ್ಲಿ. ಈ ಒಂದು ಮಾತ್ರ ಬೇರೆ.

ಅದರ ಕೆಲಸ ಏನು ಅಂತ ನಿಮ್ಮ ಬೆರಳಿಗೇ ಗೊತ್ತಾಗುತ್ತದೆ. ಕಂಠಮಣಿಯ ಕೆಳಗಿನ ತಗ್ಗು ಹೇಳಿದೆ ಅಲ್ವಾ, ಅಲ್ಲಿ ತೋರುಬೆರಳಿನ ತುದಿ ಮೆಲ್ಲನೆ ಇಡಿ. ಕೆಳಗಿನ ಷಡ್ಜ ಹಿಡಿಯಿರಿ. ಬೆರಳು ಕೂರುವಷ್ಟು ಜಾಗ ಉಂಟು. ಈಗ ದನಿ ಬಿಡದೆ ಮೆಲ್ಲ ಮೇಲಕ್ಕೆ ಏರಿಸಿ. ಮೇಲೆ ಹೋದ ಹಾಗೆ ಆ ತಗ್ಗು ಮುಚ್ಚುತ್ತ ಬರುತ್ತದೆ, ಬೆರಳನ್ನು ಹೊರಗೆ ನೂಕುತ್ತದೆ. ಕ್ರೈಕೊಥೈರಾಯ್ಡ್ ಸ್ನಾಯು ಕುಗ್ಗಿ ಕ್ರೈಕಾಯ್ಡನ್ನೂ ಕಂಠಮಣಿಯನ್ನೂ ಹತ್ತಿರ ತರುತ್ತದೆ. ಆಗ ಒಳಗೆ ತಂತು ಉದ್ದಕ್ಕೆ ಎಳೆದು ಬಿಗಿಯಾಗುತ್ತದೆ. ಮದ್ದಳೆಯ ಶ್ರುತಿ ಏರಿಸಲಿಕ್ಕೆ ಬಾರು ಬಿಗಿ ಮಾಡುತ್ತಾರಲ್ಲ, ಹಾಗೆ.

ಈ ನರಕ್ಕೆ ಪೆಟ್ಟಾದರೆ ಮಾತಿನ ದನಿ ಇರುತ್ತದೆ, ಏರು ದನಿ ಹೋಗುತ್ತದೆ. ಗಂಟಲೊಳಗೆ ನೋಡುವ ಕೊಳವೆ ಹಾಕಿ ನೋಡಿದರೆ ತಂತು ಅಲುಗಾಡುವುದೇ ಕಾಣುತ್ತದೆ, ಅದಕ್ಕೇ ನಿಮಗೆ ತೊಂದರೆ ಇಲ್ಲ ಅಂದಿರಬೇಕು. ಸ್ನಾಯುವಿನ ವಿದ್ಯುತ್ ಪರೀಕ್ಷೆ ಮಾಡಿದರೆ ಮಾತ್ರ ಖಚಿತವಾಗಿ ಗೊತ್ತಾಗುತ್ತದೆ. ಅಮೆಲಿಟಾ ಗಲ್ಲಿ ಕುರ್ಚಿ ಅನ್ನುವ ಒಪೆರಾ ಗಾಯಕಿಗೆ 1935ರಲ್ಲಿ ಥೈರಾಯ್ಡ್ ಆಪರೇಷನ್ ಆಯಿತು, ಆಮೇಲೆ ಅವರ ದನಿ ಹೋಯಿತು ಅಂತ ಸರ್ಜರಿ ಪಾಠದಲ್ಲಿ ಹೇಳುತ್ತ ಬಂದಿದ್ದಾರೆ. ದನಿ ಅದಕ್ಕೂ ಮೊದಲೇ ಇಳಿದಿತ್ತು, ನರಕ್ಕೆ ಏನೂ ಆಗಿರಲಿಲ್ಲ ಅಂತ ವಾದಿಸುವವರೂ ಇದ್ದಾರೆ. ಏನೇ ಇರಲಿ, ಆ ಹೆಸರು ಹೇಳಿಯೇ ಎಷ್ಟೋ ಹುಡುಗರಿಗೆ ಈ ನರ ನೆನಪಿರುವುದು.

ಉಳಿಸುವ ದಾರಿ: ಮೇಲ್ತುದಿಯ ರಕ್ತನಾಳಗಳನ್ನು ಒಟ್ಟಿಗೆ ಕಟ್ಟಬಾರದು. ಒಂದೊಂದಾಗಿ ಬಿಡಿಸಿ, ಗ್ರಂಥಿಗೆ ತೀರಾ ಹತ್ತಿರದಲ್ಲೇ ಕಟ್ಟಬೇಕು.

ಎರಡನೇ ವರ್ಷ ಎಂಬಿಬಿಎಸ್ · ಮಂಗಳವಾರ, ಸಂಜೆ 5:10

ಸರ್, ಬೆರಳು ಇಟ್ಟು ನೋಡಿದೆ, ನಿಜವಾಗಿಯೂ ಮುಚ್ಚುತ್ತದೆ! ಹಾಸ್ಟೆಲ್‌ನಲ್ಲಿ ಎಲ್ಲರಿಗೂ ಮಾಡಿಸಿದೆ. ಉಸಿರು ಕಟ್ಟಿದಾಗ ತುರ್ತಿಗೆ ತೂತು ಮಾಡುವುದೂ ಇದೇ ತಗ್ಗಿನಲ್ಲಿ ಅಲ್ವಾ?

ಕಾಪು ಕಡಲು ಅವರೇ, ಸೂಜಿಯ ಪ್ರಶ್ನೆಗೆ ನಾನು ಓದಿದ್ದು ಹೇಳುತ್ತೇನೆ. ಸೂಜಿಯಲ್ಲಿ ಬಿಡಿ ಬಿಡಿ ಜೀವಕೋಶ ಬರುತ್ತದೆ. ಫೋಲಿಕ್ಯುಲರ್ ಗಂಟಿನಲ್ಲಿ ಒಳ್ಳೆಯದರ ಕೋಶವೂ ಕೆಟ್ಟದರ ಕೋಶವೂ ಒಂದೇ ತರಹ ಕಾಣುತ್ತವೆ. ವ್ಯತ್ಯಾಸ ಇರುವುದು ಗಂಟಿನ ಸುತ್ತ ಇರುವ ಸಿಪ್ಪೆಯಲ್ಲಿ. ಕೋಶಗಳು ಸಿಪ್ಪೆ ದಾಟಿದ್ದರೆ ಅಥವಾ ರಕ್ತನಾಳಕ್ಕೆ ನುಗ್ಗಿದ್ದರೆ ಕ್ಯಾನ್ಸರ್. ದಾಟಿಲ್ಲ ಅಂದರೆ ಸಾಧಾರಣ ಗಡ್ಡೆ. ಅದನ್ನು ನೋಡಲಿಕ್ಕೆ ಇಡೀ ಗಂಟು ಬೇಕು. ಈ ಗುಂಪಿನಲ್ಲೂ ಕ್ಯಾನ್ಸರ್ ಅಲ್ಲದವುಗಳೇ ಜಾಸ್ತಿ.

ಹಳೇ ಡಿಸೆಕ್ಷನ್ ಹಾಲ್ · ಮಂಗಳವಾರ, ಸಂಜೆ 6:00

ಹೌದು, ಅದೇ ತಗ್ಗು. ಸೂಜಿಯ ವಿಷಯ ಸರಿಯಾಗಿ ಹೇಳಿದಿರಿ. ಸಮಯ ಸಿಕ್ಕರೆ ಮಣಿಪಾಲದ ಅನಾಟಮಿ ಮ್ಯೂಸಿಯಂಗೆ ಹೋಗಿ ಕುತ್ತಿಗೆಯ ಮಾದರಿಗಳ ಎದುರು ಅರ್ಧ ಗಂಟೆ ನಿಲ್ಲಿ. ಸಾರ್ವಜನಿಕರೂ ನೋಡಬಹುದು.

ಉಳ್ಳಾಲ ಅಳಿವೆ · ಮಂಗಳವಾರ, ರಾತ್ರಿ 8:30

ನನ್ನದೊಂದು ಸಂಶಯ. ಅಯೋಡಿನ್ ಕಡಿಮೆ ಆದರೆ ಗಳಗಂಡ ಅಂತ ಶಾಲೆಯಲ್ಲಿ ಕಲಿತದ್ದು. ನಾವು ಸಮುದ್ರದ ಬದಿಯವರು, ದಿನಾ ಮೀನು ತಿನ್ನುವವರು. ನಮಗೆ ಯಾಕೆ ಥೈರಾಯ್ಡ್ ತೊಂದರೆ? ನಮ್ಮ ಮನೆಯಲ್ಲಿ ಹರಳುಪ್ಪೇ ಬಳಸುವುದು, ಅದೂ ಸಮುದ್ರದ್ದೇ ಅಲ್ವಾ?

ಬಜ್ಪೆ ಸಿಸ್ಟರ್ · ಮಂಗಳವಾರ, ರಾತ್ರಿ 9:20

ಎಲ್ಲರೂ ಹಾಗೇ ಅಂದುಕೊಳ್ಳುವುದು. ಸಮುದ್ರದ ನೀರನ್ನು ಬಿಸಿಲಿಗೆ ಒಣಗಿಸಿದ ಉಪ್ಪಿನಲ್ಲಿ ಅಯೋಡಿನ್ ತೀರಾ ಕಡಿಮೆ. ಆಮೇಲೆ ಸೇರಿಸಿದ್ದರೆ ಮಾತ್ರ ಉಂಟು. ನಮ್ಮ ದೇಶದಲ್ಲಿ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ಶುರುವಾದ ಅಧ್ಯಯನ ಅಯೋಡಿನ್ ಉಪ್ಪಿನಿಂದ ಗಳಗಂಡ ಇಳಿಯುವುದನ್ನು ತೋರಿಸಿತು. 1962ರಲ್ಲಿ ಸರಕಾರದ ಕಾರ್ಯಕ್ರಮ ಬಂತು. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 150 ಮೈಕ್ರೋಗ್ರಾಂ, ಬಸುರಿಯರಿಗೆ 250. ಮೀನಿನಿಂದ ಸ್ವಲ್ಪ ಸಿಗುತ್ತದೆ, ಅದನ್ನೇ ನಂಬಿ ಕೂರಬೇಡಿ.

ನಮ್ಮ ಕರಾವಳಿಯ ಇನ್ನೊಂದು ತೊಂದರೆ ತೇವ. ಆಟಿ ತಿಂಗಳ ಮಳೆಯಲ್ಲಿ ಉಪ್ಪಿನ ಭರಣಿ ನೀರು ಬಿಡುತ್ತದೆ ನೋಡಿ, ಆ ನೀರಿನ ಜೊತೆ ಅಯೋಡಿನ್ ಕೂಡ ಹೋಗುತ್ತದೆ. ಗಾಳಿಯಾಡದ ಡಬ್ಬದಲ್ಲಿ ಇಡಿ, ಒದ್ದೆ ಚಮಚ ಹಾಕಬೇಡಿ. ಮಿಡಿ ಉಪ್ಪಿನಕಾಯಿಗೆ ಹರಳುಪ್ಪೇ ಹಾಕಿ, ಪದಾರ್ಥಕ್ಕೆ ಅಯೋಡಿನ್ ಉಪ್ಪು. ಆದರೆ ಅಯೋಡಿನ್ ತಿಂದರೆ ಕಾಪು ಕಡಲು ಅಮ್ಮನ ಗಂಟು ಕರಗುವುದಿಲ್ಲ. ಅದು ಬೇರೆ ವಿಷಯ.

ಗಂಗೊಳ್ಳಿ ಬಂದರು · ಬುಧವಾರ, ಬೆಳಿಗ್ಗೆ 7:45

ಮೀನಿನ ಮಾತು ಬಂತು ಅಂತ ಕೇಳುತ್ತೇನೆ. ಮೊನ್ನೆ ಬೂತಾಯಿ ಮುಳ್ಳು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅನ್ನದ ಉಂಡೆ ನುಂಗಿದೆ, ಬಾಳೆಹಣ್ಣು ತಿಂದೆ. ಈಗಲೂ ಬಲಬದಿಯಲ್ಲಿ ಚುಚ್ಚಿದ ಹಾಗೆ ಆಗುತ್ತದೆ. ಕಾಯಬಹುದಾ?

ಹಳೇ ಡಿಸೆಕ್ಷನ್ ಹಾಲ್ · ಬುಧವಾರ, ಬೆಳಿಗ್ಗೆ 8:10

ಕಾಯಬೇಡಿ. ಇವತ್ತೇ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಅನ್ನದ ಉಂಡೆ ಮುಳ್ಳನ್ನು ಇನ್ನೂ ಆಳಕ್ಕೆ ಒತ್ತಬಹುದು. ಸಪೂರ ಮುಳ್ಳು ಸಾಮಾನ್ಯವಾಗಿ ಟಾನ್ಸಿಲ್‌ನಲ್ಲಿ ಅಥವಾ ನಾಲಿಗೆಯ ಬುಡದಲ್ಲಿ ಚುಚ್ಚಿರುತ್ತದೆ, ಕೂತಲ್ಲೇ ತೆಗೆಯುತ್ತಾರೆ. ಇನ್ನೂ ಕೆಳಗೆ, ಧ್ವನಿಪೆಟ್ಟಿಗೆಯ ಎರಡೂ ಪಕ್ಕ ಪಿರಿಫಾರ್ಮ್ ಅನ್ನುವ ಎರಡು ಗುಂಡಿಗಳಿವೆ. ಅಲ್ಲಿ ಸಿಕ್ಕರೆ ಹೊರಗಿನಿಂದ ಕಾಣುವುದಿಲ್ಲ, ಕೊಳವೆ ಹಾಕಿಯೇ ನೋಡಬೇಕು. ಎಕ್ಸ್‌ರೇಯಲ್ಲಿ ಎಲ್ಲ ಮುಳ್ಳೂ ಕಾಣುವುದಿಲ್ಲ. ಜ್ವರ, ಎದೆನೋವು, ಉಗುಳು ನುಂಗಲಾಗದಿರುವುದು, ಕುತ್ತಿಗೆ ಊದುವುದು, ಇದರಲ್ಲಿ ಒಂದು ಕಂಡರೂ ನೇರ ಎಮರ್ಜೆನ್ಸಿಗೆ. ಅನ್ನನಾಳಕ್ಕೆ ತೂತಾಗಿ ಕೀವಾದರೆ ಅದು ಕುತ್ತಿಗೆಯ ಪೊರೆಗಳ ನಡುವಿನ ಜಾಗದಲ್ಲಿ ಇಳಿದು ಎದೆಯೊಳಕ್ಕೆ ಹೋಗುತ್ತದೆ.

ಮೂಲ್ಕಿ ಸೇತುವೆ · ಬುಧವಾರ, ಬೆಳಿಗ್ಗೆ 11:30

ನರದ ಮಾತು ಓದಿ ನನ್ನ ತಮ್ಮನದು ಹೇಳಬೇಕು ಅನಿಸಿತು. ಅವನಿಗೆ ಕುತ್ತಿಗೆಯ ಎಡಪಕ್ಕ ಸಣ್ಣ ಗಂಟಾಗಿತ್ತು. ಒಂದು ಕಡೆ ತೆಗೆಸಿದೆವು, ಹತ್ತು ನಿಮಿಷದ ಕೆಲಸ ಅಂದರು. ಟಿಬಿ ಗಂಟು ಅಂತ ಗೊತ್ತಾಯಿತು, ಆರು ತಿಂಗಳ ಮಾತ್ರೆಯಲ್ಲಿ ವಾಸಿಯೂ ಆಯಿತು. ಆದರೆ ಎಡಭುಜ ಇಳಿಬಿದ್ದಿದೆ. ಕೈ ತಲೆಯ ಮೇಲೆ ಎತ್ತಲಿಕ್ಕೆ ಕಷ್ಟ. ಗಂಟಿಗೂ ಭುಜಕ್ಕೂ ಏನು ಸಂಬಂಧ ಅಂತ ಯಾರೂ ಹೇಳಲಿಲ್ಲ.

ಹಳೇ ಡಿಸೆಕ್ಷನ್ ಹಾಲ್ · ಬುಧವಾರ, ಮಧ್ಯಾಹ್ನ 1:00

ಸಂಬಂಧ ಉಂಟು. ತಲೆ ಒಂದು ಬದಿಗೆ ತಿರುಗಿಸಿದರೆ ಕಿವಿಯ ಹಿಂದಿನಿಂದ ಎದೆಮೂಳೆಯವರೆಗೆ ಹಗ್ಗದ ಹಾಗೆ ಒಂದು ಸ್ನಾಯು ಎದ್ದು ಕಾಣುತ್ತದೆ. ಅದರ ಹಿಂದಿನ ತ್ರಿಕೋನದಲ್ಲಿ ಆಕ್ಸೆಸರಿ ನರ ಚರ್ಮಕ್ಕೆ ತುಂಬಾ ಹತ್ತಿರದಲ್ಲಿ ಹಾದುಹೋಗುತ್ತದೆ. ಕಳಲೆ ಗಂಟುಗಳು ಅದರ ಸುತ್ತಲೇ ಇರುತ್ತವೆ. ಭುಜ ಎತ್ತುವ ಟ್ರಪೀಜಿಯಸ್ ಸ್ನಾಯುವನ್ನು ನಡೆಸುವುದು ಅದೇ ನರ. ತಮ್ಮನಿಗೆ ಎಷ್ಟು ಸಮಯ ಆಯಿತು? ವರ್ಷದ ಒಳಗಾದರೆ ನರದ ಸರ್ಜನ್ ಒಬ್ಬರಿಗೆ ಬೇಗ ತೋರಿಸಿ. ಜಾಸ್ತಿ ಆಗಿದ್ದರೂ ಫಿಸಿಯೋಥೆರಪಿ ಬಿಡಬೇಡಿ. ಕುತ್ತಿಗೆಯಲ್ಲಿ ಹತ್ತು ನಿಮಿಷದ ಕೆಲಸ ಅಂತ ಯಾವುದೂ ಇಲ್ಲ. ಈ ಮಾತು ನಾನು ಕೋಪದಿಂದಲೇ ಬರೆಯುತ್ತಿದ್ದೇನೆ.

ಸ್ವರ ಸಾಧನೆ · ಬುಧವಾರ, ರಾತ್ರಿ 9:00

ನಾನು ಸ್ಪೀಚ್ ಥೆರಪಿಸ್ಟ್. ಕಾಪು ಕಡಲು, ಆಪರೇಷನ್ ಮೊದಲು ಎರಡು ಕೆಲಸ ಮಾಡಿಸಿ. ಒಂದು, ಕೊಳವೆ ಹಾಕಿ ಸ್ವರತಂತು ನೋಡಿಸಿ. ಗಂಟಿನಿಂದಲೇ ನರ ಮೊದಲೇ ಸೋತಿರುವುದೂ ಉಂಟು. ಎರಡು, ಅಮ್ಮನ ದನಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಇಡಿ: ಮಾತು, ಕೆಳಗಿನ ಸ್ವರ, ಅವರ ಮೇಲಿನ ತುದಿ, ಒಂದು ಏರು ಪದ. ಆಮೇಲೆ ಹೋಲಿಸಲಿಕ್ಕೆ ಬೇಕಾಗುತ್ತದೆ.

ಚೆಂಡೆ ಪೆಟ್ಟು, ನಾಲ್ಕು ವರ್ಷ ಆದರೂ ಒಮ್ಮೆ ಬನ್ನಿ. ಹೋದ ನರ ಬರಲಿಕ್ಕಿಲ್ಲ. ಆದರೆ ದಣಿವು ಕಡಿಮೆ ಮಾಡುವ ಅಭ್ಯಾಸಗಳಿವೆ.

ಬಜ್ಪೆ ಸಿಸ್ಟರ್ · ಗುರುವಾರ, ಬೆಳಿಗ್ಗೆ 6:50

ರಾತ್ರಿ ಡ್ಯೂಟಿ ಮುಗಿಸಿ ಬರೆಯುತ್ತಿದ್ದೇನೆ. ಕೇಳಬೇಕಾದ್ದು ಹೀಗೆ. ವರ್ಷಕ್ಕೆ ಎಷ್ಟು ಥೈರಾಯ್ಡ್ ಮಾಡುತ್ತೀರಿ? ನರ ಕಂಡುಹಿಡಿದೇ ಮಾಡುತ್ತೀರಾ, ನರ ಕೆಲಸ ಮಾಡುವುದನ್ನು ತೋರಿಸುವ ನರ್ವ್ ಮಾನಿಟರ್ ಉಂಟಾ? ಮೇಲಿನ ನರಕ್ಕೆ ಏನು ಜಾಗ್ರತೆ? ಇದನ್ನೆಲ್ಲ ಕೇಳಿದರೆ ಒಳ್ಳೆಯ ಸರ್ಜನ್ ಬೇಜಾರು ಮಾಡುವುದಿಲ್ಲ.

ವಾರ್ಡ್‌ಗೆ ಬಂದ ಮೇಲೆ ಮೊದಲ ಒಂದು ದಿನ ಅಮ್ಮನ ಪಕ್ಕದಲ್ಲಿ ಯಾರಾದರೂ ಇರಿ. "ಬ್ಯಾಂಡೇಜ್ ಬಿಗಿ ಆಗ್ತಾ ಉಂಟು", "ಉಸಿರು ತೆಗೆಯಲಿಕ್ಕೆ ಕಷ್ಟ" ಅಂದರೆ ಕೂಡಲೇ ಸಿಸ್ಟರ್‌ನ್ನು ಕರೆಯಿರಿ. ಒಳಗೆ ರಕ್ತ ತುಂಬಿ ಶ್ವಾಸನಾಳಕ್ಕೆ ತೊಂದರೆ ಆಗುವುದು ಅಪರೂಪ, ಆದರೆ ಹಾಗೇನಾದರೂ ಆದಲ್ಲಿ ನಿಮಿಷಗಳ ಲೆಕ್ಕ. ಹಾಸಿಗೆಯಲ್ಲೇ ಹೊಲಿಗೆ ಬಿಚ್ಚಬೇಕಾಗುತ್ತದೆ. ಅದಕ್ಕೇ ನಾವು ಮಂಚದ ಪಕ್ಕ ಟ್ರೇ ಇಟ್ಟಿರುತ್ತೇವೆ.

ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಅಂದರೂ ಹೇಳಿ. ಥೈರಾಯ್ಡ್‌ನ ಬೆನ್ನಿಗೆ ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ, ಒಂದೊಂದು ಬೇಳೆ ಕಾಳಿನಷ್ಟು. ರಕ್ತದ ಕ್ಯಾಲ್ಸಿಯಂ ನೋಡಿಕೊಳ್ಳುವುದು ಅವು. ಅಮ್ಮನಿಗೆ ಒಂದೇ ಬದಿ ತೆಗೆಯುವುದರಿಂದ ಎಡಗಡೆಯವು ಹೇಗೂ ಇರುತ್ತವೆ, ಹೆದರಬೇಡಿ. ಪೂರ್ತಿ ತೆಗೆಸಿದವರಿಗೆ ಇದು ಜಾಸ್ತಿ.

ಹಳೇ ಡಿಸೆಕ್ಷನ್ ಹಾಲ್ · ಗುರುವಾರ, ಬೆಳಿಗ್ಗೆ 7:30

ಈ ಕಾಳುಗಳನ್ನು ಮೊದಲು ಕಂಡದ್ದು ಮನುಷ್ಯರಲ್ಲಿ ಅಲ್ಲ, ನಮ್ಮ ದೇಶದ ಒಂದು ಘೇಂಡಾಮೃಗದಲ್ಲಿ. ಲಂಡನ್ ಮೃಗಾಲಯದಲ್ಲಿ ಅದು 1849ರಲ್ಲಿ ಸತ್ತಿತು, ರಿಚರ್ಡ್ ಓವೆನ್ ಅದನ್ನು ಬಿಡಿಸಿ ನೋಡಿದ. ಮನುಷ್ಯರಲ್ಲಿ ವಿವರಿಸಿದ್ದು ಸ್ವೀಡನ್ನಿನ ಇವಾರ್ ಸ್ಯಾಂಡ್‌ಸ್ಟ್ರೋಮ್, 1880ರಲ್ಲಿ. ಅದು ಗೊತ್ತಿಲ್ಲದ ಕಾಲದಲ್ಲಿ ಎಷ್ಟೋ ಜನ ಆಪರೇಷನ್ ಚೆನ್ನಾಗಿ ಆಗಿಯೂ ಸೆಳೆತ ಬಂದು ಸತ್ತರು.

ಕಾಪು ಕಡಲು · ಗುರುವಾರ, ರಾತ್ರಿ 10:05

ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ನೀರು ಕುಡಿಸಿ ನೋಡಿದೆವು, ಗಂಟು ಮೇಲೆ ಹೋಯಿತು. ಅಮ್ಮ ಮೊದಲ ಸಲ ಆ ಗಂಟನ್ನು ತಾವೇ ಮುಟ್ಟಿ ನೋಡಿದರು. ಜಿರಾಫೆಯ ಮಾತು ಎರಡು ಸಲ ಓದಿಸಿದರು. "ಚೆಂಡೆ ಪೆಟ್ಟು ಅವರಿಗೆ ನನ್ನ ನಮಸ್ಕಾರ ಹೇಳು" ಅಂದಿದ್ದಾರೆ.

ಕಾಪು ಕಡಲು · ಆರು ವಾರದ ನಂತರ, ಭಾನುವಾರ ಸಂಜೆ 7:15

ಕ್ಷಮಿಸಿ, ಬರೆಯಲಿಕ್ಕೆ ತಡವಾಯಿತು. ಆಪರೇಷನ್ ಆಗಿ ಮೂರು ವಾರ.

ಡಾಕ್ಟರ ಎದುರು ಕೂತ ಕೂಡಲೇ ಅಮ್ಮನೇ "ನಾನು ಭಾಗವತಿಕೆ ಮಾಡ್ತೇನೆ" ಅಂದರು. ಅವರು ಪೆನ್ನು ಕೆಳಗಿಟ್ಟು ಯಾವ ತಿಟ್ಟು, ಯಾವ ಶ್ರುತಿ ಅಂತ ಕೇಳಿದರು. ಮೇಲಿನ ನರದ ಪ್ರಶ್ನೆ ಕೇಳಿದಾಗ ಒಂದು ಕಾಗದದಲ್ಲಿ ಚಿತ್ರ ಬರೆದು ತೋರಿಸಿದರು. ಆ ಕಾಗದ ಅಮ್ಮನ ಪದದ ಪುಸ್ತಕದಲ್ಲಿದೆ.

ಎಚ್ಚರವಾದಾಗ ದನಿ ಗೊಗ್ಗರಾಗಿತ್ತು. ನನ್ನ ಎದೆ ಒಡೆಯಿತು. ಉಸಿರಿಗೆ ಹಾಕಿದ ಕೊಳವೆಯಿಂದ ಹಾಗಾಗುತ್ತದೆ, ಎರಡು ಮೂರು ದಿನ ನೋಡಿ ಅಂದರು ಸಿಸ್ಟರ್. ನಾಲ್ಕನೇ ದಿನ ಬೆಳಿಗ್ಗೆ ಅಮ್ಮ ಫೋನಿನಲ್ಲಿ ಶಾಲೆಯವರ ಹತ್ತಿರ ಮಾತಾಡುವುದು ಹೊರಗೆ ಅಂಗಳಕ್ಕೆ ಕೇಳಿತು. ಬಯಾಪ್ಸಿ ರಿಪೋರ್ಟ್: ಫೋಲಿಕ್ಯುಲರ್ ಅಡಿನೋಮ, ಸಿಪ್ಪೆ ಎಲ್ಲೂ ಒಡೆದಿಲ್ಲ. ಕ್ಯಾನ್ಸರ್ ಅಲ್ಲ. ಕೊಳವೆ ಹಾಕಿ ನೋಡಿದರು, ತಂತು ಎರಡೂ ಅಲುಗಾಡುತ್ತಿವೆ.

ಏರು ದನಿ ಇನ್ನೂ ಬಂದಿಲ್ಲ. ಕಪ್ಪು ನಾಲ್ಕರಲ್ಲಿ ಹೇಳುತ್ತಿದ್ದವರು, ಮೊದಲಿನ ರೆಕಾರ್ಡ್ ಹಾಕಿ ಹೋಲಿಸಿದರೆ ಮೇಲೆ ಎರಡು ಸ್ವರ ಕಡಿಮೆ. ಕುತ್ತಿಗೆಯ ಸ್ನಾಯುಗಳು ಗಾಯ ಮಾಯುವಾಗ ಬಿಗಿದಿರುತ್ತವೆ, ಮೂರು ತಿಂಗಳು ಕೊಡಿ ಅಂತ ಥೆರಪಿಸ್ಟ್ ಹೇಳಿದ್ದಾರೆ. ಹೆದರಿಕೆ ಪೂರ್ತಿ ಹೋಗಿಲ್ಲ.

ನಿನ್ನೆ ಸಂಜೆ ಅಮ್ಮ ಜಗಲಿಯಲ್ಲಿ ಶ್ರುತಿಪೆಟ್ಟಿಗೆ ಇಟ್ಟು ಕೂತಿದ್ದರು. ತೋರುಬೆರಳು ಕಂಠಮಣಿಯ ಕೆಳಗೆ ಇಟ್ಟು ಮೆಲ್ಲ ಷಡ್ಜ ಹಿಡಿದರು. ಮೇಲೆ ಏರಿಸಿದರು, ಪಂಚಮ ದಾಟಿತು. ಆಮೇಲೆ ನನ್ನ ಬೆರಳನ್ನು ತೆಗೆದು ಅಲ್ಲಿ ಇಟ್ಟರು. "ಈಗ ನೋಡು" ಅಂತ ಮತ್ತೆ ಹೇಳಿದರು. ತಗ್ಗು ಮುಚ್ಚುತ್ತ ಬಂದು ನನ್ನ ಬೆರಳನ್ನು ಹೊರಗೆ ದೂಡಿತು.

ಚೆಂಡೆ ಪೆಟ್ಟು · ಭಾನುವಾರ, ಸಂಜೆ 7:50

ಓದಿ ಕಣ್ಣು ತುಂಬಿತು ಮಾರಾಯ್ರೆ. ದೂಡಿತು ಅಂದರೆ ಸ್ನಾಯು ಕೆಲಸ ಮಾಡುತ್ತಿದೆ ಅಂತಲೇ ಅಲ್ವಾ ಸರ್? ನಾನೂ ಹೋದ ತಿಂಗಳಿಂದ ಥೆರಪಿಗೆ ಹೋಗುತ್ತಿದ್ದೇನೆ. ಒಂದು ಗಂಟೆ ಹೇಳಲಿಕ್ಕೆ ಆಗುತ್ತದೆ ಈಗ.

ಹಳೇ ಡಿಸೆಕ್ಷನ್ ಹಾಲ್ · ಭಾನುವಾರ, ರಾತ್ರಿ 8:20

ಒಳ್ಳೆಯ ಲಕ್ಷಣ. ಎರಡೂ ಬದಿ ಸಮನಾಗಿ ಕೆಲಸ ಮಾಡುತ್ತಿವೆ ಅಂತ ಬೆರಳಿನಿಂದ ಹೇಳಲಿಕ್ಕೆ ಆಗುವುದಿಲ್ಲ, ಅದಕ್ಕೆ ಥೆರಪಿಸ್ಟ್ ಹೇಳಿದಷ್ಟು ಸಮಯ ಕೊಡಿ. ಈಗಲೇ ಇಡೀ ರಾತ್ರಿಯ ಆಟಕ್ಕೆ ಒಪ್ಪಿಕೊಳ್ಳುವುದು ಬೇಡ.

ಬಜ್ಪೆ ಸಿಸ್ಟರ್ · ಭಾನುವಾರ, ರಾತ್ರಿ 9:05

ಆಪರೇಷನ್ ಆಗಿ ಆರು ವಾರಕ್ಕೆ ಟಿಎಸ್‌ಎಚ್ ಮಾಡಿಸಲಿಕ್ಕೆ ಮರೆಯಬೇಡಿ. ಉಳಿದ ಅರ್ಧ ಹೆಚ್ಚಿನವರಿಗೆ ಸಾಕಾಗುತ್ತದೆ, ಕೆಲವರಿಗೆ ಮಾತ್ರೆ ಬೇಕಾಗುತ್ತದೆ. ಬೇಕಾದರೆ ಖಾಲಿ ಹೊಟ್ಟೆಗೆ ನೀರಿನ ಜೊತೆ, ಕಾಫಿಗೆ ಅರ್ಧ ಗಂಟೆ ಮೊದಲು.

ಕಾಪು ಕಡಲು · ಭಾನುವಾರ, ರಾತ್ರಿ 9:20

ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದೆ. ಟೆಸ್ಟ್ ಆದ ಮೇಲೆ ಇಲ್ಲೇ ಬರೆಯುತ್ತೇನೆ.